ಶೀಟಿನ ಆ ತುದಿ

ಜೂನ್ 3, ಸೋಮವಾರ

ಡಾಕ್ಟರು ಒಂದು ಕಾಗದ ಕೊಟ್ಟು ಕಳಿಸಿದ್ದಾರೆ. ಅದರ ತುಂಬ ಗೆರೆ ಎಳೆದ ಚೌಕದ ಮನೆಗಳು. ದಿನಕ್ಕೊಂದು ಮನೆ. ನೋವು ಹತ್ತಕ್ಕೆ ಎಷ್ಟು ಎಂದು ಅದರಲ್ಲಿ ತುಂಬಬೇಕು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾರದ್ದು. ಶಾಲೆಯಲ್ಲಿ ಹತ್ತಕ್ಕೆ ಹತ್ತು ತೆಗೆಯಲಿಲ್ಲವೆಂದು ಏಟು ತಿಂದವಳು ನಾನು. ಈಗ ಹತ್ತು ತೆಗೆದರೆ ಕೆಲಸ ಹೋಗುತ್ತದೆ. ಆ ಡಾಕ್ಟರ ಆಸ್ಪತ್ರೆಯ ಬಟ್ಟೆ ಒಗೆಯುವುದು ನಾನು ಕೆಲಸ ಮಾಡುವ ಲಾಂಡ್ರಿಯೇ. ಅಲ್ಲಿ ಬಿದ್ದ ಮಾತು ಇಲ್ಲಿಗೆ ಬರಲು ಎಷ್ಟು ಹೊತ್ತು? ಮೊದಲ ಮನೆಯಲ್ಲಿ ಮೂರು ಎಂದು ಬರೆದೆ. ಸುಳ್ಳು.

ಆ ಚೌಕದಲ್ಲಿ ಹಿಡಿಯದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಈ ಪುಸ್ತಕ ಯಾರ ಅಪ್ಪನದೂ ಅಲ್ಲ.

ಬೆಳಿಗ್ಗೆ ಎದ್ದರೆ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಮಡಚಿದರೆ ಬಿಚ್ಚವು, ಬಿಚ್ಚಿದರೆ ಮಡಚವು. ಮಣಿಕಟ್ಟು, ಮೊಣಕೈ, ಭುಜ, ಮಂಡಿ, ಎಲ್ಲೆಲ್ಲಿ ಮೂಳೆಗೆ ಮೂಳೆ ಸೇರುತ್ತದೋ ಅಲ್ಲೆಲ್ಲ ಯಾರೋ ಮರಳು ತುಂಬಿ ಹೋದ ಹಾಗೆ. ಏಪ್ರಿಲ್‌ನಲ್ಲಿ ಶುರುವಾಯಿತು. ನನಗಿನ್ನೂ ಇಪ್ಪತ್ತನಾಲ್ಕು.

"ಈ ವಯಸ್ಸಿಗೇ ಗೋಡೆ ಹಿಡ್ಕೊಂಡು ಏಳ್ತೀಯಲ್ಲೇ, ನನ್ನ ವಯಸ್ಸಿಗೆ ನಿನ್ನ ಎತ್ತಿ ಕೂರಿಸೋಕೆ ಆಳಿಡಬೇಕಾಗುತ್ತೆ" ಅಂದಳು ಅಮ್ಮ.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೆ ಎಲ್ಲವೂ ಗಾಡಿ. "ಗ್ರೀಸ್ ಬೇಕಿದ್ರೆ ಹೇಳು. ಡಬ್ಬಗಟ್ಟಲೆ ಬಿದ್ದಿದೆ" ಅಂದ. ನಗು ಬಂತು. ನಕ್ಕರೆ ದವಡೆಯ ಕೀಲೂ ನೋಯುತ್ತದೆ ಎಂದು ಇವತ್ತು ಗೊತ್ತಾಯಿತು.

ಜೂನ್ 5, ಬುಧವಾರ

ಇವತ್ತು ಮೇಜಿನಲ್ಲಿ ನಾನು ಯಾರಿಗೂ ಕಮ್ಮಿ ಮಡಿಸಲಿಲ್ಲ. ಹಲ್ಲು ಕಚ್ಚಿದ್ದು ಯಾರಿಗೂ ಕಾಣಿಸಲಿಲ್ಲ. ನನ್ನ ಗೆಲುವನ್ನು ನಾನೇ ಬರೆದುಕೊಳ್ಳಬೇಕು.

ಊರಿನ ಮೂರು ಆಸ್ಪತ್ರೆ, ಆರು ಹೋಟೆಲಿನಲ್ಲಿ ಜನ ಮಲಗಿ ಎದ್ದ ಬೆಡ್‌ಶೀಟುಗಳೆಲ್ಲ ನಮ್ಮಲ್ಲಿಗೆ ಬರುತ್ತವೆ. ಒದ್ದೆ ಕಡೆಯಲ್ಲಿ ಒಗೆದು ಹಿಂಡಿ ಎತ್ತುತ್ತಾರೆ. ಆಮೇಲೆ ಬಿಸಿ ರೋಲರು. ಕೊನೆಗೆ ಮಡಿಕೆ ಮೇಜು. ಮಡಿಕೆಗೆ ಐದು ಜೋಡಿ. ನನ್ನ ಜೋಡಿ ಗಾಳಿಪಟ. ಉದ್ದಕ್ಕೆ, ತೆಳ್ಳಗೆ, ಗಾಳಿ ಬೀಸಿದರೆ ಹಾರಿಹೋಗುವ ಹಾಗಿದ್ದಾಳೆಂದು ಆ ಹೆಸರು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಾನು ಗಿಡ್ಡ, ಅದಕ್ಕೆ ಅವಳ ಬಾಯಲ್ಲಿ ಗುಬ್ಬಿ. ನಾಲ್ಕು ವರ್ಷದಿಂದ ಶೀಟಿನ ಈ ತುದಿ ನಾನು, ಆ ತುದಿ ಅವಳು. ಜಾಡಿಸು, ಎಳೆ, ಎದುರುಬದುರು ನಡೆದು ಮೂಲೆಗೆ ಮೂಲೆ ಕೊಡು, ಹಿಂದೆ ಸರಿದು ಮತ್ತೆ ಎಳೆ. ಬಾಯಿ ಬೇಡ. ಗಂಡನ ಹತ್ತಿರ ಜಗಳ ಆಡಿ ಬಂದಿದ್ದಾಳೋ ಇಲ್ಲವೋ ಎಂಬುದು ಮೊದಲ ಎಳೆತದಲ್ಲೇ ನನ್ನ ಕೈಗೆ ತಿಳಿಯುತ್ತದೆ.

ಮಡಿಕೆ ಸೊಟ್ಟಗಾದರೆ ಮೇಸ್ತ್ರಿ ಬಂದು "ಯಾರ ತುದಿ ಸಡಿಲ?" ಎಂದು ಕೇಳುತ್ತಾನೆ. ಹೇಳಿದವಳು ಮೇಜಿನಲ್ಲಿ ಉಳಿಯುತ್ತಾಳೆ, ಹೇಳಿಸಿಕೊಂಡವಳು ಒದ್ದೆ ಕಡೆಗೆ ಹೋಗುತ್ತಾಳೆ. ಹೆಂಗಸಿನ ಮೇಲೆ ಹೆಂಗಸನ್ನು ಛೂ ಬಿಡುವ ಈ ಏರ್ಪಾಟು ಯಾರ ತಲೆಯಲ್ಲಿ ಹುಟ್ಟಿತೋ, ಅವನ ಕೈ ಸೇದಿಹೋಗ. ಇನ್ನೊಂದಿದೆ. ಜೋಡಿ ಬಿಟ್ಟು ಹೋಗಬೇಕು ಅನ್ನುವವಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತನ್ನ ತುದಿಯನ್ನು ಬೇಕೆಂದೇ ಸಡಿಲ ಬಿಡುತ್ತಾಳೆ. ಮಡಿಕೆ ಕೆಟ್ಟಾಗ ತಾನೇ ಮೊದಲು ಎದುರಿನವಳ ಕಡೆ ಬೆರಳು ತೋರಿಸುತ್ತಾಳೆ. 'ತುದಿ ಬಿಟ್ಟವಳು' ಅನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಮೇಜಿನಲ್ಲಿಲ್ಲ.

ಜೂನ್ 11, ಮಂಗಳವಾರ

ರಕ್ತ ತೆಗೆದರು. ಐದು ಸಣ್ಣ ಬಾಟಲಿ. ಕೈಯ ಫೋಟೋ, ಮಂಡಿಯ ಫೋಟೋ. ಅರ್ಧ ದಿನ ರಜಾ ಕೇಳಬೇಕಾಯಿತು. ಅಮ್ಮನ ಕಣ್ಣು ತೋರಿಸಬೇಕು ಎಂದು ಮೇಸ್ತ್ರಿಗೆ ಹೇಳಿದೆ. ಗಾಳಿಪಟಕ್ಕೂ ಅದೇ ಹೇಳಿದೆ.

"ಅಮ್ಮನಿಗೆ ಪೊರೆ ಬಂದಿದೆಯಾ?" ಅಂದಳು.

"ಹೂಂ."

"ಎರಡೂ ಕಣ್ಣಿಗಾ?"

"ಹೂಂ ಕಣೇ."

ನನ್ನ ಮುಖ ನೋಡಿದಳು. ಅವಳಿಗೆ ಸುಳ್ಳು ಹೇಳಿದ್ದು ಇದೇ ಮೊದಲು. ಹೇಳದೆ ಏನು ಮಾಡಲಿ? ಮಡಿಕೆ ಮೇಜಿಗೆ ಹತ್ತು ಜೊತೆ ಕಿವಿ. ಗುಬ್ಬಿಯ ಕೈ ಹೋಗಿದೆ ಎಂಬ ಮಾತು ರೋಲರಿನ ಆಚೆ ಹೋಗುವಷ್ಟರಲ್ಲಿ ನನ್ನ ಜಾಗದಲ್ಲಿ ಇನ್ನೊಬ್ಬಳು ನಿಂತಿರುತ್ತಾಳೆ.

ಜೂನ್ 14, ಶುಕ್ರವಾರ

ಕಾಗದದಲ್ಲಿ ಮೂರು. ಜಡೆ ಹಾಕಿಕೊಳ್ಳಲು ಆಗಲಿಲ್ಲ. ಅಮ್ಮ ಹಾಕಿದಳು.

ಜೂನ್ 19, ಬುಧವಾರ

"ಎಲ್ಲಾ ನಾರ್ಮಲ್ ಬಂದಿದೆ. ನೀವು ಖುಷಿಪಡಬೇಕಮ್ಮ" ಅಂದರು ಡಾಕ್ಟರು.

"ಹಾಗಾದ್ರೆ ಈ ನೋವು ಯಾರದು ಡಾಕ್ಟ್ರೇ?"

ನಕ್ಕರು. ನಾನು ಜೋಕು ಹೇಳಲಿಲ್ಲ.

"ಕೆಲವ್ರಿಗೆ ಹೀಗಾಗುತ್ತೆ. ಮನಸ್ಸಿಗೆ ಏನಾದ್ರೂ ಚಿಂತೆ ಇದೆಯಾ? ಮನೇಲಿ ಮದುವೆ ಗಿದುವೆ ಮಾತು?"

ಮದುವೆ! ಗಂಡಸು ಮಂಡಿ ನೋವು ಎಂದು ಬಂದರೆ ಮಂಡಿ ನೋಡುತ್ತಾರೆ. ಹುಡುಗಿ ಮಂಡಿ ನೋವು ಎಂದು ಬಂದರೆ ಮದುವೆ ನೋಡುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮೂರು ವಾರದ ಓಡಾಟ. ರಕ್ತ ಕೊಟ್ಟೆ, ಮೂಳೆ ತೋರಿಸಿದೆ. ಐದು ಬಾಟಲಿ ರಕ್ತ ಸೇರಿಕೊಂಡು ನನ್ನನ್ನು ಸುಳ್ಳಿ ಮಾಡಿದವು.

ಆದರೆ ಅಲ್ಲಿ ಇನ್ನೊಂದು ಕಂಡೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಮಡಿಸಿದ ಶೀಟು. ನಮ್ಮದೇ, ನಾನೂ ಗಾಳಿಪಟವೂ ಮಡಿಸಿದ್ದು. ಅವಳು ಎಡಗೈಯವಳು. ಕೊನೆಯ ಮಡಿಕೆಯಲ್ಲಿ ಎಡಮೂಲೆ ಒಳಗೆ ಹೋಗುವುದು ನಮ್ಮ ಜೋಡಿಯಲ್ಲಿ ಮಾತ್ರ. ನಡುಗೆರೆ ಎರಡು ಬೆರಳು ಪಕ್ಕಕ್ಕೆ ಜಾರಿತ್ತು. ಡಾಕ್ಟರು ಮಾತಾಡುತ್ತಲೇ ಇದ್ದರು, ನಾನು ಕೈಚಾಚಿ ಶೀಟು ಮುಟ್ಟಿ ನೋಡಿದೆ. ಅವಳ ಮೂಲೆ ಕಡೆ ಬಟ್ಟೆ ಸಡಿಲ, ಅಲೆ ಅಲೆ. ನನ್ನ ಕಡೆ ಬಿಗಿ.

ನಾಲ್ಕು ವರ್ಷದಲ್ಲಿ ಅವಳ ತುದಿ ಹೀಗೆ ಬಂದಿದ್ದಿಲ್ಲ.

ನನ್ನ ಕಾಯಿಲೆ ತಿಳಿಯೋಣವೆಂದು ಹೋಗಿದ್ದೆ. ಅವಳ ಕಾಯಿಲೆ ತಿಳಿದುಕೊಂಡು ಬಂದೆ.

ಜೂನ್ 20, ಗುರುವಾರ

ಹೌದು. ಇವತ್ತು ಕಣ್ಣಿಟ್ಟು ನೋಡಿದೆ. ಗಾಳಿಪಟ ಎಳೆಯುತ್ತಲೇ ಇಲ್ಲ. ಬೆಣ್ಣೆ ಹಿಡಿದ ಹಾಗೆ ಹಿಡಿಯುತ್ತಾಳೆ. ಜಾಡಿಸುವಾಗ ಮೊದಲಿನ ಆ ಚಟೀರ್ ಸದ್ದೇ ಇಲ್ಲ. ಮೂಲೆ ಕೊಡುವಾಗ ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಅವಳು ಮೂರು ಹೆಜ್ಜೆ ಇಟ್ಟು ನನ್ನ ಮುಂದೆ ನಿಂತಿರುತ್ತಾಳೆ. ನಾನು ಕೈ ಎತ್ತುವ ಮೊದಲೇ ಬಗ್ಗಿ ಮೂಲೆ ಕಿತ್ತುಕೊಳ್ಳುತ್ತಾಳೆ. ಅಷ್ಟು ಅವಸರ. ನನ್ನಿಂದ ಬಿಡಿಸಿಕೊಳ್ಳುವ ಅವಸರ.

"ಏನೇ, ಬೆಳಿಗ್ಗೆ ಏನೂ ತಿಂದಿಲ್ವಾ? ಕೈಯಲ್ಲಿ ಜೀವ ಇಲ್ಲ" ಅಂದೆ.

"ಸೆಖೆ ಕಣೇ ಗುಬ್ಬಿ. ಶೀಟೇ ಬೆವರ್ತಿದೆ, ಇನ್ನು ನಾನ್ಯಾವ ಲೆಕ್ಕ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಈ ಆಟ ಗೊತ್ತು.

ಜೂನ್ 26, ಬುಧವಾರ

ಪೆನ್ನು ಹಿಡಿಯಲು ಕಷ್ಟವಾಗುತ್ತಿದೆ ಎಂದು ಅಣ್ಣನಿಗೆ ಹೇಗೆ ತಿಳಿಯಿತೋ. ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ದಪ್ಪ ಮಾಡಿ ಕೊಟ್ಟ. ಬದನೆಕಾಯಿ ಹಿಡಿದು ಬರೆದ ಹಾಗಿದೆ, ಆದರೂ ಪರವಾಗಿಲ್ಲ.

ವರದಿಯ ಸುದ್ದಿ ಹೇಳಿದೆ. ಅವನು ಇವತ್ತು ಗ್ರೀಸಿನ ಜೋಕು ಮಾಡಲಿಲ್ಲ.

"ಗಾಡಿ ಸದ್ದು ಮಾಡ್ತಿದೆ ಅಂತ ಡ್ರೈವರ್ ತಂದು ನಿಲ್ಲಿಸ್ತಾನೆ. ಬಿಚ್ಚಿ ನೋಡ್ತೀವಿ. ಎಲ್ಲಿ ಅಂತ ಗೊತ್ತಾಗ್ದೇ ಇದ್ರೆ ಸಿಗಲಿಲ್ಲ ಅಂತೀವಿ ಕಣೇ. ಸದ್ದೇ ಇಲ್ಲ ಅಂತ ಯಾವ ಮೆಕ್ಯಾನಿಕ್ಕೂ ಹೇಳಲ್ಲ. ಓಡಿಸೋನು ಅವನಲ್ವಾ?"

ಮನೆಯಲ್ಲಿ ಅಮ್ಮನ ಮರೆವು ಜಾಸ್ತಿಯಾಗಿದೆ. ಯಾವ ಡಬ್ಬಕ್ಕೂ ಮುಚ್ಚಳ ಸರಿಯಾಗಿ ಹಾಕುವುದಿಲ್ಲ. ಸಕ್ಕರೆ, ಎಣ್ಣೆ, ಔಷಧಿ ಬಾಟಲಿ, ಎಲ್ಲ ಹಾಗೇ ಸುಮ್ಮನೆ ಇಟ್ಟಿರುತ್ತಾಳೆ. ಸಕ್ಕರೆಗೆ ಇರುವೆ ಹತ್ತಿತ್ತು. ಬೈದೆ. ಇರುವೆ ಆರಿಸಲು ಕೂತಳು.

ಜುಲೈ 2, ಮಂಗಳವಾರ

ಆಸ್ಪತ್ರೆಯಿಂದ ಎರಡು ಗಂಟು ವಾಪಸ್ ಬಂತು. ಸೊಟ್ಟ ಮಡಿಕೆ. ಕಪಾಟಿನಲ್ಲಿ ನಿಲ್ಲುವುದಿಲ್ಲ, ಉರುಳಿ ಬೀಳುತ್ತದೆ ಅಂತೆ. ಎಡಮೂಲೆ ಒಳಗಿದ್ದದ್ದನ್ನು ನೋಡಿ ಮೇಸ್ತ್ರಿ ನೇರ ನಮ್ಮಿಬ್ಬರ ಮುಂದೆ ಬಂದು ನಿಂತ.

"ಯಾರ ತುದಿ ಸಡಿಲ?"

ರೋಲರು ಒಂದೇ ಸದ್ದು ಮಾಡುತ್ತಿತ್ತು. ಅವಳು ಬಾಯಿ ತೆರೆದಳು. ನನ್ನ ಕಡೆ ಬೆರಳು ತೋರಿಸಲು ತೆರೆದಳು ಎಂದೇ ನನಗೆ ಅನ್ನಿಸಿತು. ತುದಿ ಬಿಟ್ಟವಳು ಮಾಡುವುದು ಅದನ್ನೇ. ಅವಳಿಗಿಂತ ಮೊದಲು ನಾನು ಹೇಳಿಬಿಟ್ಟೆ.

"ಅವಳದು ಸಾರ್. ಹದಿನೈದು ದಿನದಿಂದ ಅವಳು ಎಳೀತಾನೇ ಇಲ್ಲ."

ಮೇಸ್ತ್ರಿ ಅವಳ ಕಡೆ ತಿರುಗಿದ. "ಹೌದೇನಮ್ಮ?"

ಗಾಳಿಪಟ ನನ್ನ ಕೈಗಳನ್ನು ನೋಡಿದಳು. ಮುಖ ನೋಡಲಿಲ್ಲ, ಕೈ ನೋಡಿದಳು. ಆಮೇಲೆ "ಹೌದು ಸಾರ್" ಅಂದಳು.

ಅಷ್ಟೇ. ಚೀಲ ಎತ್ತಿಕೊಂಡು ಒದ್ದೆ ಕಡೆಗೆ ನಡೆದಳು.

ನಾನು ಮಾಡಿದ್ದು ಸರಿ. ನಾಲ್ಕು ವರ್ಷದ ಜೋಡಿಯನ್ನು ಕದ್ದುಮುಚ್ಚಿ ಒಡೆಯಲು ಹೊರಟವಳಿಗೆ ಹಾಗೇ ಆಗಬೇಕು. ಸರಿ ಎಂದು ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ಇರಲಿ, ಒಂದು ಸಲ ಇರಲಿ.

ಜುಲೈ 3, ಬುಧವಾರ

ಹೊಸ ಜೋಡಿ ಬಂದಳು. ಹತ್ತೊಂಬತ್ತು ವರ್ಷ. ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೆ ಎಲ್ಲರೂ ಸ್ಪ್ರಿಂಗು ಅನ್ನುತ್ತಾರೆ. "ಅಕ್ಕಾ, ನೀವು ಹೆಂಗೆ ಹೇಳ್ತೀರೋ ಹಂಗೆ" ಅಂದಳು. ಒಳ್ಳೆಯ ಹುಡುಗಿ. ನಾನು ಹೇಳಿಕೊಟ್ಟೆ. ಮೊದಲು ಜಾಡಿಸು, ಆಮೇಲೆ ಎಳಿ, ಚೆನ್ನಾಗಿ ಎಳಿ.

ಎಳೆದಳು.

ಮಣಿಕಟ್ಟಿನಿಂದ ಭುಜದವರೆಗೆ ಯಾರೋ ತಂತಿ ಕಿತ್ತ ಹಾಗಾಯಿತು. ಕಣ್ಣು ಕತ್ತಲೆ ಬಂತು. ಶೀಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಅಯ್ಯೋ, ಜಾಸ್ತಿ ಎಳೆದ್ನಾ ಅಕ್ಕಾ?"

ಇಲ್ಲ. ಜಾಸ್ತಿ ಎಳೆದಿರಲಿಲ್ಲ. ಎಲ್ಲರೂ ಎಳೆಯುವಷ್ಟೇ ಎಳೆದಿದ್ದಳು. ನಾಲ್ಕು ವರ್ಷ ನಾನು ನಗುನಗುತ್ತಾ ತಡೆದ ಎಳೆತ ಅದು. ಎರಡನೆಯ ಶೀಟಿಗೂ ಹಾಗೇ ಆಯಿತು. ಮೂರನೆಯದಕ್ಕೂ. ಮೂಲೆ ಕೊಡಲು ಅವಳು ತನ್ನ ಪಾಲಿನ ಎರಡು ಹೆಜ್ಜೆ ಇಟ್ಟು ನಿಂತಳು, ನನ್ನ ಪಾಲಿನ ಎರಡು ಹೆಜ್ಜೆಗೆ ಕಾದಳು. ಅದು ನ್ಯಾಯ. ನನ್ನ ಮಂಡಿ ಒಂದಕ್ಕೇ ಸಾಕು ಅಂದಿತು. ಮೂಲೆ ಎತ್ತಿ ಕೊಡಬೇಕು, ಭುಜ ಏಳಲಿಲ್ಲ.

ನಾಲ್ಕನೆಯ ಶೀಟು ಹಿಡಿದು ನಿಂತಾಗ ತಿಳಿಯಿತು. ಮೂರು ಹೆಜ್ಜೆ ಯಾಕೆ ಅಂತ. ಬಗ್ಗಿ ಮೂಲೆ ತೆಗೆದುಕೊಳ್ಳುತ್ತಿದ್ದದ್ದು ಯಾಕೆ ಅಂತ. ಬೆಣ್ಣೆ ಹಿಡಿದ ಹಾಗೆ ಯಾಕೆ ಹಿಡಿಯುತ್ತಿದ್ದಳು ಅಂತ. ಮಡಿಕೆ ಸೊಟ್ಟಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಡಿಲ ಬಿಟ್ಟಳು. ನನ್ನ ಕೈಯಿಂದ ಬಿಡಿಸಿಕೊಳ್ಳಲಿಕ್ಕಲ್ಲ, ನನ್ನ ಕೈ ಉಳಿಸಲಿಕ್ಕೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಚಿಕ್ಕಂದಿನಿಂದ ಈ ಗಾದೆ ಕೇಳಿ ನಕ್ಕಿದ್ದೇನೆ. ಎತ್ತು ನಾನು. ಬರೆಯ ಕಬ್ಬಿಣ ಕಾಯಿಸಿ ಮೇಸ್ತ್ರಿಯ ಕೈಗೆ ಕೊಟ್ಟವಳೂ ನಾನೇ.

ನನ್ನ ಮೈ ಓದಲು ಬರಲಿಲ್ಲ ಎಂದು ಡಾಕ್ಟರನ್ನು ಬೈದೆನಲ್ಲ. ನಾನೇನು ಓದಿದೆ?

ಜುಲೈ 4, ಗುರುವಾರ

ಬರೆಯಲು ಆಗುತ್ತಿಲ್ಲ.

ಜುಲೈ 9, ಮಂಗಳವಾರ

ಊಟದ ಹೊತ್ತಿಗೆ ಒದ್ದೆ ಕಡೆಗೆ ಹೋದೆ. ನೆಲವೆಲ್ಲ ನೀರು, ಮೂಗಿಗೆ ಬ್ಲೀಚಿನ ಘಾಟು. ಗಾಳಿಪಟ ಯಂತ್ರದ ಬಾಯಿಂದ ಒದ್ದೆ ಶೀಟುಗಳನ್ನು ಎಳೆದು ತಳ್ಳುಗಾಡಿಗೆ ಹಾಕುತ್ತಿದ್ದಳು. ನೀರು ಕುಡಿದ ಶೀಟೆಂದರೆ ಹೆಣದ ಭಾರ. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಒಂದೇ ವಾರಕ್ಕೆ.

"ನನಗೆ ಗೊತ್ತಿರಲಿಲ್ಲ ಕಣೇ" ಅಂದೆ.

"ಏನು?"

"ನೀನು ಯಾಕೆ ಸಡಿಲ ಬಿಟ್ಟೆ ಅಂತ."

"ಸೆಖೆಗೆ ಅಂತ ಹೇಳಿದ್ನಲ್ಲ."

"ತಮಾಷೆ ಬೇಡ."

ಆಗ ನಿಂತಳು. "ಯಾರಿಗೆ ಬೇಕಾಗಿದೆ ತಮಾಷೆ? ಗುಬ್ಬಿ, ನಾಲ್ಕು ವರ್ಷ ಒಂದೇ ಶೀಟು ಹಿಡಿದಿದ್ವಿ. ನನ್ನ ಪಕ್ಕಕ್ಕೆ ಕರೆದು ಒಂದು ಮಾತು ಕೇಳೋಕಾಗ್ಲಿಲ್ವಾ ನಿನಗೆ? ಏನೇ ಬಂತು ನಿನಗೆ ಅಂತ ಒಂದು ಮಾತು? ಮೇಸ್ತ್ರಿಗೇ ಹೇಳಬೇಕಾಯ್ತಾ?"

ತಳ್ಳುಗಾಡಿಯಿಂದ ಜಾರುತ್ತಿದ್ದ ಶೀಟನ್ನು ಒಳಗೆ ತಳ್ಳಿದೆ.

"ಹೋಗು. ನೀರಲ್ಲಿ ನಿಲ್ಲಬೇಡ, ಮಂಡಿ ಹಿಡಿಯುತ್ತೆ" ಅಂದಳು. ಬೈಗುಳದ ಧಾಟಿಯಲ್ಲೇ ಅಂದಳು.

ಜುಲೈ 10, ಬುಧವಾರ

ಡಾಕ್ಟರ ಹತ್ತಿರ ಹೋದೆ. ಈ ಸಲ ಸುಳ್ಳು ರಜಾ ಅಲ್ಲ, ನನಗೇ ಮೈ ಸರಿಯಿಲ್ಲ ಎಂದು ಹೇಳಿ ಹೋದೆ. ಕೈಲಾಗುವುದಿಲ್ಲ, ಹಗುರ ಕೆಲಸ ಕೊಡಿ ಎಂದು ಒಂದು ಕಾಗದ ಬರೆದುಕೊಡಿ ಎಂದು ಕೇಳಿದೆ.

"ಇಲ್ಲದ ಕಾಯಿಲೆ ಹೆಸರು ನಾನು ಹೆಂಗೆ ಬರೀಲಮ್ಮ?"

"ಸಿಗಲಿಲ್ಲ ಅಂತ ಬರೀರಿ. ನೋವಿದೆ, ಯಾಕೆ ಅಂತ ನಮಗೆ ಸಿಗಲಿಲ್ಲ ಅಂತ. ಬಸ್ ಡಿಪೋದಲ್ಲೂ ಹಾಗೇ ಬರೀತಾರೆ."

ಅವರು ಸಿಟ್ಟಾಗಲಿಲ್ಲ. ನನ್ನ ಚೌಕದ ಮನೆಗಳ ಕಾಗದ ಎತ್ತಿ ನನ್ನ ಮುಂದೆ ಇಟ್ಟರು. ಜೂನ್ ಮೂರರಿಂದ ಇವತ್ತಿನವರೆಗೆ. ಮೂರು, ಮೂರು, ಮೂರು, ಎರಡು, ಮೂರು.

"ಇದು ನಿಮ್ಮದೇ ಕೈ ಬರಹ ಅಲ್ವಾ? ಮೂರಕ್ಕೆ ಯಾರಾದ್ರೂ ಕೆಲಸ ಬಿಡ್ತಾರಾ?"

ಅಲ್ಲಿಂದ ಎದ್ದು ಬರುವಾಗ ಬಾಗಿಲ ಹಿಡಿ ತಿರುಗಿಸಲು ಆಗಲಿಲ್ಲ. ಎರಡು ಕೈ ಹಾಕಿದರೂ ಆಗಲಿಲ್ಲ. ಅವರೇ ಎದ್ದು ಬಂದು ತೆಗೆದರು. ನನ್ನ ಕೈಗಳನ್ನು ನೋಡಿದರು. ಏನೋ ಕೇಳಬೇಕೆಂದಿದ್ದ ಹಾಗಿತ್ತು. ಹೊರಗೆ ನಲವತ್ತು ಜನ ಕಾದಿದ್ದರು. ಮುಂದಿನವರನ್ನು ಕರೆದರು.

ಜುಲೈ 12, ಶುಕ್ರವಾರ

ಮೇಸ್ತ್ರಿಗೆ ಹೇಳಿದೆ. ಅವನ ಗಾಜಿನ ಕೋಣೆಯಲ್ಲಿ ಅಲ್ಲ. ಮಡಿಕೆ ಮೇಜಿನ ಮುಂದೆ, ಹತ್ತು ಜೊತೆ ಕಿವಿಯ ಮುಂದೆ.

"ಸಾರ್, ಅವತ್ತು ಸಡಿಲ ಆಗಿದ್ದು ಅವಳ ತುದಿ ಅಲ್ಲ. ನನ್ನ ಕೈ ಸೋತಿದೆ. ಅವಳು ಅದನ್ನ ಮುಚ್ಚಿದಳು. ಅವಳನ್ನ ಮೇಜಿಗೆ ವಾಪಸ್ ಕರೀರಿ."

"ಕೈಗೇನಾಗಿದೆ?"

"ಗೊತ್ತಿಲ್ಲ."

"ಡಾಕ್ಟರ್ ಕಾಗದ?"

ಇದ್ದದ್ದು ಜೂನ್ ತಿಂಗಳ ರಕ್ತದ ವರದಿ, ಅದನ್ನೇ ಕೊಟ್ಟೆ. ಓದಿದ. "ಏನೂ ಇಲ್ಲ ಅಂತಿದೆ ಇದರಲ್ಲಿ."

"ಹೂಂ."

"ಕಾಗದ ನಿನಗೇನೂ ಆಗಿಲ್ಲ ಅನ್ನುತ್ತೆ. ನೀನು ಕೈಲಾಗಲ್ಲ ಅಂತೀಯ. ಯಾವುದನ್ನಮ್ಮ ನಂಬಲಿ ನಾನು?"

"ಎರಡನ್ನೂ ನಂಬಿ ಸಾರ್. ನಾನೂ ಹಾಗೇ ಬದುಕ್ತಿದ್ದೀನಿ."

ಯಾರೋ ಹಿಂದೆ ಕಿಸಕ್ಕೆಂದರು. ಮೇಸ್ತ್ರಿ ಕೆಟ್ಟವನಲ್ಲ, ಅವನ ಮೇಲೂ ಒಬ್ಬ ಕೂತಿದ್ದಾನೆ, ಆ ಒಬ್ಬನ ಮೇಲೆ ಇನ್ನೊಬ್ಬ. ಏಣಿ ಎಷ್ಟೇ ಮೆಟ್ಟಿಲಿನದಾಗಲಿ, ಭಾರ ಬೀಳುವುದು ನೆಲದ ಮೇಲೆ. ಅವನು ಹೇಳಿದ್ದು ಇಷ್ಟು: ಮೇಜಿನಲ್ಲಿ ಹತ್ತೇ ಜಾಗ. ಗಾಳಿಪಟ ಬರಬೇಕೆಂದರೆ ಒಂದು ಖಾಲಿಯಾಗಬೇಕು. ಹಗುರ ಕೆಲಸ ಅನ್ನುವುದು ಲಾಂಡ್ರಿಯಲ್ಲಿ ಇಲ್ಲವೇ ಇಲ್ಲ. ಗಾಳಿಗೂ ಇಲ್ಲಿ ಭಾರ.

"ಖಾಲಿ ಮಾಡ್ತೀನಿ" ಅಂದೆ.

"ಕೈ ಸರಿಹೋದ ಮೇಲೆ ಬಾ. ನೋಡೋಣ" ಅಂದ.

ನೋಡೋಣ ಎಂದರೆ ಏನೆಂದು ನನಗೂ ಗೊತ್ತು, ಅವನಿಗೂ ಗೊತ್ತು.

ಸ್ಪ್ರಿಂಗು ನನ್ನ ಚೀಲ ಎತ್ತಿಕೊಂಡು ಗೇಟಿನವರೆಗೆ ಬಂದಳು. "ಅಕ್ಕಾ, ನಾನು ಅವತ್ತು ಅಷ್ಟು ಎಳೀಬಾರ್ದಿತ್ತು" ಎಂದು ಅಳತೊಡಗಿದಳು. ಎಳೆಯದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ ಎಂದು ಹೇಳಬೇಕಿತ್ತು. ಅವಳ ಕೈಯಿಂದ ಚೀಲ ಮಾತ್ರ ಇಸಿದುಕೊಂಡೆ.

ಜುಲೈ 15, ಸೋಮವಾರ

ಲಾಂಡ್ರಿಯ ಎಂಟು ಗಂಟೆಯ ಸೈರನ್ ಇಲ್ಲಿಗೂ ಕೇಳಿಸುತ್ತದೆ. ನಾಲ್ಕು ವರ್ಷ ಇದೇ ಮನೆಯಲ್ಲಿದ್ದೆ, ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ನಾನು ಅಲ್ಲಿರುತ್ತಿದ್ದೆನಲ್ಲ.

ಜುಲೈ 18, ಗುರುವಾರ

ಇಡೀ ದಿನ ಮಲಗಿದ್ದೆ. ಕೆಲಸ ಮಾಡಿದರೆ ನೋವು, ಸರಿ. ಮಾಡದಿದ್ದರೂ ನೋವು ಎಂದರೆ ಇದು ಎಂಥ ನಾಯಿ ನೋವು? ದುಡಿದದ್ದಕ್ಕೆ ಬಂದದ್ದು ಎಂದಾದರೂ ಹೇಳಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ. ಅಮ್ಮ ಮಂಡಿಗೆ ಬಿಸಿನೀರಿನ ಬಟ್ಟೆ ಹಾಕಿದಳು. ಆಳಿಡಬೇಕಾಗುತ್ತೆ ಎಂದು ಅವತ್ತು ತಮಾಷೆ ಮಾಡಿದವಳು.

ಜುಲೈ 28, ಭಾನುವಾರ

ಮಧ್ಯಾಹ್ನ ಬಾಗಿಲು ಬಡಿದದ್ದು ಗಾಳಿಪಟ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೊದಲು ಅಮ್ಮನನ್ನು ಕೇಳಿದಳು.

"ಕಣ್ಣು ಹೇಗಿದೆ ಅಮ್ಮಾ? ಪೊರೆ ತೆಗೆಸಿದ್ರಾ?"

"ಯಾವ ಪೊರೆ? ಸೂಜಿಗೆ ನಾನೇ ದಾರ ಪೋಣಿಸ್ತೀನಿ" ಅಂದಳು ಅಮ್ಮ.

ಗಾಳಿಪಟ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

ಟೀ ಮಾಡಲು ಎದ್ದೆ. ಸಕ್ಕರೆ ಡಬ್ಬದ ಮುಚ್ಚಳ ಹಾಗೇ ಸುಮ್ಮನೆ ಇಟ್ಟಿತ್ತು. ಒಂದು ಬೆರಳಿಗೆ ಬಂತು. ಬೈಯಲಿಲ್ಲ.

ಅವಳನ್ನು ಮೇಜಿಗೆ ವಾಪಸ್ ಕರೆದಿದ್ದಾರೆ, ಈಗ ಸ್ಪ್ರಿಂಗಿನ ಜೋಡಿ. ಟೀ ಕುಡಿಯುತ್ತಾ ಅಲ್ಲಿನ ಸುದ್ದಿ ಹೇಳಿದಳು. ಹೋದ ವಾರ ಮೂರನೆಯ ಜೋಡಿಯ ಮಡಿಕೆ ಸೊಟ್ಟಗಾಯಿತಂತೆ. ಮೇಸ್ತ್ರಿ ಬಂದು ಯಾರ ತುದಿ ಎಂದು ಕೇಳಿದನಂತೆ. ಇಬ್ಬರೂ ಬಾಯಿ ಬಿಡಲಿಲ್ಲ. ಐದು ಜೋಡಿಯೂ ಕೆಲಸ ನಿಲ್ಲಿಸಿಬಿಟ್ಟವು. ಕೊನೆಗೆ ನಮ್ಮ ಸ್ಪ್ರಿಂಗು, "ಶೀಟು ಒಂದೇ ಅಲ್ವಾ ಸಾರ್, ಅದನ್ನೇ ಕೇಳಿ" ಅಂದಳಂತೆ. ಮೇಸ್ತ್ರಿ ಮೂರು ಸಲ ಕೇಳಿ ಹೋದನಂತೆ. ಯಾರೂ ಒದ್ದೆ ಕಡೆಗೆ ಹೋಗಲಿಲ್ಲ.

"ನೀನಿದ್ದಿದ್ರೆ ನೋಡಬೇಕಿತ್ತು" ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದೆ.

"ಏನು?"

"ನನ್ನ ಕೈ."

"ಮಾರ್ಚ್‌ನಲ್ಲಿ. ಹಸಿರು ಅಂಚಿನ ಹೊಸ ಶೀಟುಗಳು ಬಂದ ದಿನ. ನಿನ್ನ ಎಡಗೈ ಒಂದು ಚೂರು ತಡವಾಗಿ ಬಂತು."

ಮಾರ್ಚ್. ನನಗೇ ತಿಳಿದದ್ದು ಏಪ್ರಿಲ್‌ನಲ್ಲಿ. ಐದು ಬಾಟಲಿ ರಕ್ತಕ್ಕೆ ತಿಳಿಯದ್ದು, ಫೋಟೋಗೆ ಕಾಣದ್ದು, ನನಗಿಂತ ಒಂದು ತಿಂಗಳು ಮೊದಲು ಶೀಟಿನ ಆ ತುದಿಗೆ ತಿಳಿದಿತ್ತು.

"ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ನೀನು ಅಮ್ಮನ ಕಣ್ಣು ಅಂದೆ. ಸರಿ, ಅಮ್ಮನ ಕಣ್ಣೇ ಇರಲಿ ಅಂತ ನಾನೂ ಸುಮ್ಮನಾದೆ. ನೀನು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಲಿ?" ಲೋಟ ಕೆಳಗಿಟ್ಟಳು. "ಸಿಟ್ಟು ಇನ್ನೂ ಹೋಗಿಲ್ಲ. ಹೋಗಿದೆ ಅಂತ ತಿಳ್ಕೋಬೇಡ. ಸಿಟ್ಟು ಇಟ್ಕೊಂಡೇ ಬಂದಿದ್ದೀನಿ."

ಅವಳ ಬೆರಳ ಸಂದಿಯ ಗಾಯ ಒಣಗಿ ಕಪ್ಪಾಗಿತ್ತು.

ಅಮ್ಮ ಮಹಡಿಯ ತಂತಿಯಿಂದ ಒಣಗಿದ ಬಟ್ಟೆ ತಂದು ಹಾಸಿಗೆ ಮೇಲೆ ಹಾಕಿದಳು. ಮೇಲೆಯೇ ಬೆಡ್‌ಶೀಟು. ಗಾಳಿಪಟ ಎದ್ದು ಒಂದು ತುದಿ ಹಿಡಿದಳು. ನಾನು ಕೂತೇ ಇದ್ದೆ. ಹಿಡಿದೇ ನಿಂತಿದ್ದಳು. ಗೋಡೆ ಹಿಡಿದು ಎದ್ದು ನಾನು ಈ ತುದಿ ಹಿಡಿದೆ.

"ಎಷ್ಟು ಎಳೀಲಿ?"

ನಾಲ್ಕು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ಇದನ್ನು ಕೇಳಿರಲಿಲ್ಲ.

"ಇವತ್ತು ಎಳೀಬೇಡ" ಅಂದೆ. "ತುಂಬಾ ನೋಯ್ತಿದೆ."

ಬಾಯಿಬಿಟ್ಟು ಅವಳಿಗೆ ಹೇಳಿದ್ದು ಇದೇ ಮೊದಲು. ಅವಳು ಎಳೆಯಲಿಲ್ಲ. ಮೂರು ಹೆಜ್ಜೆ ಬಂದು ಮೂಲೆ ತೆಗೆದುಕೊಂಡಳು. ಎಡಮೂಲೆ ಒಳಗೆ ಹಾಕಿದಳು. ನಡುಗೆರೆ ನಾಲ್ಕು ಬೆರಳು ಪಕ್ಕಕ್ಕೆ ಹೋಯಿತು. ಯಾರೂ ಬಿಚ್ಚಿ ಮತ್ತೆ ಮಡಿಸಲಿಲ್ಲ. ಅಮ್ಮ ಅದನ್ನು ಹಾಗೇ ಒಯ್ದು ಕಪಾಟಿನಲ್ಲಿಟ್ಟಳು, ಬೀಳದ ಹಾಗೆ ಪಕ್ಕಕ್ಕೆ ದಿಂಬು ಕೊಟ್ಟು.

ಡಾಕ್ಟರ ಕಾಗದ ಇನ್ನೂ ಈ ಪುಸ್ತಕದೊಳಗೇ ಇದೆ. ಜುಲೈ ಹತ್ತರ ಮುಂದಿನ ಮನೆಗಳು ಖಾಲಿ ಬಿದ್ದಿದ್ದವು. ಇವತ್ತಿನ ಮನೆಯಲ್ಲಿ ಬರೆದೆ.

ಎಂಟು.